ಗಾರೆಯ ಒಳಗಿನ ಇಟ್ಟಿಗೆ

ಆಗ ನನಗೆ ಎಪ್ಪತ್ತೆರಡು ವರ್ಷ. ಅದಾಗಿ ಈಗ ಮೂರು ವರ್ಷ ಕಳೆಯಿತು. ಮೇ ತಿಂಗಳ ಕೊನೆ, ಶಾಲೆ ಶುರುವಾದ ವಾರದ ಒಂದು ಬೆಳಿಗ್ಗೆ, ನಾನು ಮಗಳ ಜೊತೆ ಇರುವ ಗುರುವಾಯನಕೆರೆಯ ಮನೆಯ ಎದುರು ಬಿಳಿ ಕಾರೊಂದು ಬಂದು ನಿಂತಿತು. ಇಳಿದವಳು ನಾನು ದುಡಿದ ಇಟ್ಟಿಗೆ ಫ್ಯಾಕ್ಟರಿಯ ಧನಿಗಳ ಮೊಮ್ಮಗಳು. ನನ್ನ ಮಗಳಿಗಿಂತಲೂ ಚಿಕ್ಕ ಪ್ರಾಯ. ಆದರೂ ಧನಿಗಳ ಮನೆಯವಳು ಎಂದು ನಾನು ಅವಳನ್ನು ಅಕ್ಕ ಎಂದೇ ಕರೆಯುವುದು. ಅವಳು ನನ್ನನ್ನು ಅಜ್ಜಿ ಎನ್ನುತ್ತಾಳೆ.

ಅವಳು ಮೊದಲೂ ಎರಡು ಸಲ ಬಂದಿದ್ದಳು. ಫ್ಯಾಕ್ಟರಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಗಿತ್ತು. ಮನೆಯವರೆಲ್ಲ ಕೆಡವಿ ಜಾಗ ಮಾರುವ ಎಂದರೆ ಇವಳೊಬ್ಬಳು ಬೇಡವೆಂದು ಹಟ ಹಿಡಿದು, ಅದನ್ನು ರಿಪೇರಿ ಮಾಡಿಸಿ ಜನರಿಗೆ ತೋರಿಸಲು ಹೊರಟಿದ್ದಳು. ಅಲ್ಲಿ ದುಡಿದವರಲ್ಲಿ ಇನ್ನೂ ಬದುಕಿದ್ದು, ಬಾಯಿಯೂ ಸರಿ ಇದ್ದವರು ನಾಲ್ಕೋ ಐದೋ ಜನ. ಹಾಗಾಗಿ ನನ್ನ ಹತ್ತಿರ ಬಂದು, ಫೋನನ್ನು ಮಡಿಲಲ್ಲಿ ಇಟ್ಟುಕೊಂಡು, ನಾನು ಹೇಳಿದ್ದನ್ನೆಲ್ಲ ಅದರಲ್ಲಿ ತುಂಬಿಸಿಕೊಂಡು ಹೋಗಿದ್ದಳು.

ನಾನು ಹೇಳಿದ್ದು ಬಹಳ. ಬಂಟ್ವಾಳದ ನರಿಕೊಂಬಿನಲ್ಲಿ ಹೊಳೆಯ ಬದಿಗೇ ಫ್ಯಾಕ್ಟರಿ. ಮಣ್ಣು ದೋಣಿಯಲ್ಲಿ ಬರುತ್ತಿತ್ತು. ಅದನ್ನು ಹೊತ್ತು, ರಾಶಿ ಹಾಕಿ, ನೀರು ಬಿಟ್ಟು, ಹುಳಿಸಿದ ಹಿಟ್ಟಿನ ಹಾಗೆ ಕೆಲವು ದಿನ ಬಿಡಬೇಕು. ನಾನು ಹದಿನಾಲ್ಕಕ್ಕೆ ಸೇರಿದವಳು. ಮೂರನೇ ಕ್ಲಾಸಿನ ಮೇಲೆ ಶಾಲೆ ಕಂಡವಳಲ್ಲ. ಮೊದಲು ಹಸಿ ಇಟ್ಟಿಗೆ ಹೊರುವ ಕೆಲಸ. ಒಂದು ಹಲಗೆಯಲ್ಲಿ ಎಂಟು, ತಲೆಯ ಮೇಲೆ. ಬೆರಳು ಊರಿದರೆ ಗುರುತು ಬಿದ್ದು ಮೇಸ್ತ್ರಿಯ ಬೈಗುಳ. ನಮ್ಮ ಕಡೆ ಗೋಡೆ ಕಟ್ಟುವುದು ಮುರಕಲ್ಲಿನಲ್ಲಿ. ಆದ್ದರಿಂದ ನಮ್ಮ ಇಟ್ಟಿಗೆ ಹೆಚ್ಚು ಹೋದದ್ದು ಲಾರಿಯಲ್ಲಿ ಘಟ್ಟದ ಮೇಲಕ್ಕೆ. ಆಮೇಲೆ ಸಿಮೆಂಟಿನ ಬ್ಲಾಕು ಬಂತು. ಸೌದೆ ಸಿಗಲಿಲ್ಲ, ಗದ್ದೆಯ ಮಣ್ಣು ತೆಗೆಯಬಾರದು ಎಂದರು. ಒಂದು ಮಳೆಗಾಲಕ್ಕೆ ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ.

ಇದೆಲ್ಲ ಸತ್ಯವೇ. ಆದರೆ ಕೊನೆಗೆ ಅವಳು ನನ್ನ ಗಂಡನ ವಿಷಯ ಕೇಳಿದಳು. ಅವರು ಇಟ್ಟಿಗೆ ಸುಡುವ ಗೂಡಿಗೆ ಬೆಂಕಿ ಹಾಕುವವರು. ಇಟ್ಟಿಗೆ ಬೇಯುವುದೋ ಕೆಡುವುದೋ ಅವರ ಕಣ್ಣಿನಲ್ಲಿ. ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ನಾನು ಹೇಳಿದೆ:

“ಅವರ ಕೈಯಲ್ಲಿ ಒಂದೇ ಒಂದು ಗೂಡು ಕೆಟ್ಟದ್ದಿಲ್ಲ ಅಕ್ಕ.”

ಅದು ಸುಳ್ಳು.

ಆ ದಿನ ಅವಳು ಕಾರು ತಂದದ್ದು ನನ್ನನ್ನು ಕರೆದುಕೊಂಡು ಹೋಗಿ ತೋರಿಸಲು. ಉದ್ಘಾಟನೆಗೆ ನಾಲ್ಕೇ ದಿನ ಉಳಿದಿತ್ತು, ಬರುವ ಆದಿತ್ಯವಾರ. ಹೋದೆ. ಗೂಡಿನ ಒಳಗೆ ಬೆಳೆದಿದ್ದ ಕಾಡನ್ನು ಕಡಿಸಿ ಗುಡಿಸಿದ್ದರು. ಚಿಮಿಣಿಗೆ ಕಬ್ಬಿಣದ ಪಟ್ಟಿ ಬಿಗಿಸಿದ್ದರು. ಒಳ್ಳೆಯ ಕೆಲಸ ಮಾಡಿಸಿದ್ದಳು, ಇಲ್ಲ ಎನ್ನುವುದಿಲ್ಲ. ಗೂಡಿನ ಬಾಯಿಯ ಪಕ್ಕ ಆಳೆತ್ತರದ ಬೋರ್ಡು. ಅದರಲ್ಲಿ ನನ್ನ ಗಂಡನ ಫೋಟೊ, ಮುಂಡು ಮೇಲೆ ಕಟ್ಟಿ, ಕಣ್ಣು ಕಿರಿದು ಮಾಡಿ ನಿಂತದ್ದು. ಕೆಳಗೆ ದಪ್ಪ ಅಕ್ಷರ. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ನಾನು ಹೇಳಿದ್ದನ್ನೇ ಬರೆದಿದ್ದರು: ಒಂದೇ ಒಂದು ಗೂಡೂ ಕೆಡದ ಕೈ.

“ನಿಮ್ಮ ಮಗಳಿಗೆ ಫೋಟೊ ಕಳಿಸಿದ್ದೇನೆ ಅಜ್ಜಿ. ತುಂಬ ಖುಷಿಯಾದ್ರು.”

ಖುಷಿ ಎಂದರೆ ಎಂಥದ್ದು! ಮಗಳು ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಅಲ್ಲಿಯ ಟೀಚರುಗಳಿಂದ ಹಿಡಿದು ಗಂಡನ ಅಕ್ಕತಂಗಿಯರವರೆಗೆ ಎಲ್ಲರಿಗೂ ತೋರಿಸಿ, ಆದಿತ್ಯವಾರಕ್ಕೆ ಬನ್ನಿ ಎಂದು ಕರೆದೂ ಆಗಿತ್ತು.

ಆಮೇಲೆ ಹೊಳೆಯ ಕಡೆಯ ಒಣಗಿಸುವ ಶೆಡ್ಡಿಗೆ ಹೋದೆವು. ಎಂಟು ಕಂಬದ ಉದ್ದ ಶೆಡ್ಡು, ಮೇಲೆ ಹಂಚು. ನಾನು ಅಲ್ಲಿ ದುಡಿಯುವಾಗ ಆ ಕಂಬಗಳಿಗೆ ದಪ್ಪ ಗಾರೆ ಇತ್ತು. ಮಳೆಗಾಲ ಮುಗಿದ ಮೇಲೆ ವರ್ಷವರ್ಷವೂ ಸುಣ್ಣ ಬಳಿಯುತ್ತಿದ್ದೆವು. ಈಗ ನೋಡಿದರೆ ಗಾರೆ ಇಲ್ಲ. ಎಂಟೂ ಕಂಬ ಕೆಂಪಗೆ ನಿಂತಿವೆ.

“ಗಾರೆಯನ್ನೆಲ್ಲ ಕೆರೆಸಿ ತೆಗೆಸಿದೆವು” ಎಂದಳು. “ಒಳಗೆ ಇಷ್ಟು ಚಂದದ ಇಟ್ಟಿಗೆ ಇಟ್ಟುಕೊಂಡು ಅಜ್ಜ ಯಾಕೆ ಮುಚ್ಚಿಸಿದ್ರೋ! ಶಾಲೆ ಮಕ್ಕಳು ಬಂದ್ರೆ ಇಲ್ಲೇ ಕೂತು ಮಣ್ಣಿನ ಕೆಲಸ ಕಲೀಬಹುದು. ಹೇಗುಂಟು ಅಜ್ಜಿ?”

ನಾನು ಒಂದು ಕಂಬಕ್ಕೆ ಕೈ ಇಟ್ಟೆ. ಎರಡು ದಿನದ ಹಿಂದೆ ಒಂದು ಮಳೆ ಬಿದ್ದಿತ್ತು. ಅಂಗೈ ತೆಗೆದು ನೋಡಿದರೆ ಕೆಂಪು ಹುಡಿ. ಬೆರಳಿನ ಗೆಣ್ಣಿನಿಂದ ಬಡಿದೆ. ದೊಪ್ ಎಂದಿತು. ಪಕ್ಕದ ಕಂಬಕ್ಕೆ ಬಡಿದೆ. ಅದೂ ದೊಪ್.

“ಚಂದ ಉಂಟು” ಎಂದೆ.

ಆ ಇಟ್ಟಿಗೆ ಯಾವುದೆಂದು ನನಗೆ ಗೊತ್ತು. ಮದುವೆಯಾದ ಮೇಲೆ ನನಗೆ ಹೆಕ್ಕುವ ಕೆಲಸ ಸಿಕ್ಕಿತ್ತು. ಗೂಡಿನಿಂದ ತೆಗೆದ ಇಟ್ಟಿಗೆಯನ್ನು ಒಂದರ ಮೇಲೊಂದು ಬಡಿದು ಕೇಳುವುದು. ಟಣ್ ಎಂದರೆ ಒಂದನೆಯ ರಾಶಿಗೆ, ಸ್ವಲ್ಪ ಒಡಕು ಸ್ವರ ಇದ್ದರೆ ಎರಡನೆಯದಕ್ಕೆ, ದೊಪ್ ಎಂದರೆ ಬೇಯಲಿಲ್ಲ ಎಂದು ಲೆಕ್ಕ, ಅದು ಹಿತ್ತಿಲಿಗೆ. ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಬೇಯದ ಇಟ್ಟಿಗೆಯೂ ಕೆಂಪಗೆ ಚಂದವೇ ಇರುತ್ತದೆ. ಈ ಕೆಲಸಕ್ಕೆ ನಾವು ಇಬ್ಬರೇ, ನಾನು ಮತ್ತು ಒಬ್ಬಳು ಬಾಯಮ್ಮ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು.

ನನಗೆ ಇಪ್ಪತ್ತಾರೋ ಇಪ್ಪತ್ತೇಳೋ ಆಗಿದ್ದ ವರ್ಷ. ಬೇಸ ತಿಂಗಳ ಹತ್ತನೆಯ ದಿನ, ಪತ್ತನಾಜೆ, ಹತ್ತಿರ ಬಂದಿತ್ತು. ಪತ್ತನಾಜೆ ಕಳೆದರೆ ಮಳೆಗಾಲ ಮುಗಿಯುವವರೆಗೆ ಭೂತದ ಕೋಲವೂ ಇಲ್ಲ, ಯಕ್ಷಗಾನದ ಆಟವೂ ಇಲ್ಲ, ಹುಂಜ ಕಾದಿಸುವ ಕೋಳಿ ಅಂಕವೂ ಇಲ್ಲ. ನನ್ನ ಗಂಡನಿಗೆ ಕುಡಿತ ಇರಲಿಲ್ಲ, ಬೀಡಿ ಇರಲಿಲ್ಲ. ಕೋಳಿಯ ಹುಚ್ಚು ಮಾತ್ರ ಇತ್ತು. ಹೆಂಡತಿಗೆ ಕೊಡದ ಗೋಧಿಯನ್ನು ಹುಂಜಕ್ಕೆ ಹಾಕುವ ಜಾತಿ. ಆ ವರ್ಷದ ಕಡೆಯ ಅಂಕ ಹೊಳೆಯ ಆಚೆ ಎಂದು ಸುದ್ದಿ ಬಂದ ದಿನ ಗೂಡಿನಲ್ಲಿ ದೊಡ್ಡ ಬೆಂಕಿ ಉರಿಯುತ್ತಿತ್ತು. ಸಂಜೆಯವರೆಗೆ ಸೌದೆ ಹಾಕಬೇಕಿತ್ತು. ಬೆಂಕಿ ಹಾಕುವವನು ಗೂಡು ಬಿಟ್ಟು ಹೋಗಬಾರದೆನ್ನುವುದು ಫ್ಯಾಕ್ಟರಿಯ ಕಟ್ಟುನಿಟ್ಟು. ಆದರೆ ಗೂಡಿನ ಬಾಯಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ ಹೋಗಬಹುದಲ್ಲ? ಅವರು ಬೆಳಿಗ್ಗೆಯೇ ಬಾಯಿ ಮುಚ್ಚಿ, ಮಣ್ಣು ಮೆತ್ತಿ, ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ದೋಣಿ ಹತ್ತಿದರು.

ಸಂಜೆ ಬಂದರು. ಹುಂಜ ಸೋತು ಗೆದ್ದವನ ಪಾಲಾಗಿತ್ತು. ನನಗೆ ಸಾರಿಗೂ ಸಿಗಲಿಲ್ಲ.

ಗೂಡು ತಣಿದು ಬಾಗಿಲು ಒಡೆದಾಗ ಬೆಂಕಿಯ ಹತ್ತಿರದ ಇಟ್ಟಿಗೆ ಟಣ್ ಎಂದಿತು. ಕೆಳಗಿನದು, ಮೂಲೆಯದು ಎಲ್ಲ ದೊಪ್. ಎರಡು ವರ್ಷ ಮೊದಲು ಹೀಗೆಯೇ ಒಂದು ಗೂಡು ಕೆಟ್ಟದ್ದಕ್ಕೆ ಹಳೆಯ ಬೆಂಕಿಯವನನ್ನು ಧನಿಗಳು ಅದೇ ದಿನ ಕೆಲಸದಿಂದ ಕಳಿಸಿದ್ದರು. ಮನೆಯಲ್ಲಿ ಮಗಳು ಮೂರು ವರ್ಷದವಳು. ನಾನು ಬಾಯಮ್ಮನ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ನಾನು ದೊಪ್ ಎಂದದ್ದನ್ನೂ ಒಂದನೆಯ ರಾಶಿಗೇ ಇಡತೊಡಗಿದೆ. ಅವಳೂ ಬಾಯಿ ಮುಚ್ಚಿಕೊಂಡು ಹಾಗೇ ಮಾಡಿದಳು. ಆ ರಾಶಿಯಿಂದಲೇ ಮೇಸ್ತ್ರಿ ಹೊಸ ಶೆಡ್ಡಿನ ಎಂಟು ಕಂಬ ಎಬ್ಬಿಸಿದ. ಗಾರೆ ಬಿದ್ದ ದಿನ ನನಗೆ ಉಸಿರು ಬಂತು. ಇನ್ನು ಯಾರಿಗೂ ಕಾಣುವುದಿಲ್ಲ ಎಂದುಕೊಂಡೆ.

ಈಗ ಆ ಗಾರೆಯನ್ನು ಕೆರೆದು ತೆಗೆದಿದ್ದರು. ಬೇಯದ ಇಟ್ಟಿಗೆ ನೀರು ಕುಡಿದರೆ ಒಂದು ಮಳೆಗಾಲಕ್ಕೆ ಬಿಸ್ಕೂಟಿನ ಹಾಗೆ. ಮೇಲೆ ಹಂಚಿನ ಭಾರ, ಕೆಳಗೆ ಶಾಲೆಯ ಮಕ್ಕಳು. ಹೇಳಿದರೆ ಗಂಡನ ಬೋರ್ಡು ಹೋಗುತ್ತದೆ, ಮಗಳು ತಲೆ ಎತ್ತದ ಹಾಗಾಗುತ್ತದೆ, ನಾನು ಸುಳ್ಳಿ ಆಗುತ್ತೇನೆ. ಹೇಳದಿದ್ದರೆ ಶೆಡ್ಡು ಬೀಳುತ್ತದೆ. ಯಾವತ್ತು ಬೀಳುತ್ತದೆ ಎಂದು ಮಾತ್ರ ಗೊತ್ತಿಲ್ಲ.

ಮರುದಿನ ಮಗಳು ಕೆಲಸಕ್ಕೆ ಹೋದ ಮೇಲೆ ವೇಣೂರಿನ ಮೇಲೆ ಹೋಗುವ ಮೂಡುಬಿದಿರೆ ಬಸ್ಸು ಹತ್ತಿದೆ. ಬಾಯಮ್ಮ ಮೂಡುಬಿದಿರೆಯಲ್ಲಿ ಸೊಸೆಯ ಜೊತೆ ಇದ್ದಾಳೆ. ಅಂಗಳದಲ್ಲಿ ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನ ಹಣ್ಣು ಬಿಡಿಸುತ್ತಿದ್ದಳು.

“ನೀನು ಇನ್ನೂ ಉಂಟಾ? ನಾನು ನೀನು ಸತ್ತ ಮೇಲಿನ ಬೊಜ್ಜದ ಊಟಕ್ಕೆ ಕಾಯ್ತಾ ಇದ್ದೇನೆ” ಎಂದಳು.

“ಊಟಕ್ಕೆ ನಿನಗೆ ಹಲ್ಲು ಎಲ್ಲಿ ಉಂಟು?”

“ಪಾಯಸಕ್ಕೆ ಹಲ್ಲು ಯಾಕೆ ಮಾರಾಯ್ತಿ? ಕೂತ್ಕೊ. ಏನು ಬಂದದ್ದು?”

“ಆ ಗೂಡು ನೆನಪುಂಟಾ ನಿನಗೆ?”

“ಕೋಳಿ ಅಂಕದ ಗೂಡಾ?” ಎಂದು ನಕ್ಕಳು. “ಮರೆಯುವುದುಂಟಾ? ಮೂರು ದಿನ ನಿನ್ನ ಮುಖ ನೋಡ್ಲಿಕ್ಕೆ ಆಗ್ತಿರ್ಲಿಲ್ಲ.”

“ಶೆಡ್ಡಿನ ಗಾರೆ ತೆಗ್ದಿದ್ದಾರೆ.”

ಅವಳ ಕೈ ನಿಂತಿತು. “ಯಾವ ಮರ್ಲ ತೆಗ್ದದ್ದು? ತಲೆ ಸರಿ ಉಂಟಾ ಅವನಿಗೆ?”

“ಧನಿಗಳ ಮೊಮ್ಮಗಳು. ನೋಡ್ಲಿಕ್ಕೆ ಚಂದ ಅಂತೆ.”

“ಚಂದ ಅಂತೆ! ಧನಿಗಳು ಗಾರೆ ಹಾಕಿಸಿದ್ದೇ ಅದಕ್ಕಲ್ವಾ?”

“ಯಾವುದಕ್ಕೆ?”

“ಮೆತ್ತಗಿನ ಇಟ್ಟಿಗೆ ಅಂತ. ನಿನಗೆ ಗೊತ್ತಿಲ್ವಾ?” ಎಂದು ಅವಳು ನನ್ನನ್ನು ನೋಡಿದಳು. “ಅಯ್ಯೋ ದೇವರೇ, ಇವಳಿಗೆ ಗೊತ್ತೇ ಇಲ್ಲ.”

ಆಮೇಲೆ ಹೇಳಿದಳು. ನಾವು ಹೆಕ್ಕಿಟ್ಟ ಮರುದಿನ ನಾನು ಮಗಳಿಗೆ ಜ್ವರ ಎಂದು ಹೋಗಿರಲಿಲ್ಲವಂತೆ. ಧನಿಗಳು ಬಂದು ಕೊಡೆಯ ಹಿಡಿಯಿಂದ ರಾಶಿಯನ್ನು ಬಡಿದು ನೋಡಿದರಂತೆ. ಎರಡು ಸಲ ಬಡಿದು, ಮೇಸ್ತ್ರಿಯನ್ನು ಕರೆದು, ಇದು ಊರು ದಾಟಿದರೆ ನಮ್ಮ ಹೆಸರು ಹೋಗುತ್ತದೆ, ಇಲ್ಲೇ ಕಟ್ಟು, ದಪ್ಪ ಗಾರೆ ಹಾಕು, ವರ್ಷವರ್ಷ ಸುಣ್ಣ ಬಳಿಸು ಎಂದರಂತೆ. ಬಾಯಮ್ಮ ಹತ್ತಿರವೇ ನಿಂತಿದ್ದಳಂತೆ.

“ಮತ್ತೆ ನಮ್ಮವರನ್ನು ಕೆಲಸದಿಂದ ಯಾಕೆ ಕಳಿಸ್ಲಿಲ್ಲ?”

“ನನಗೇನು ಗೊತ್ತು? ಪತ್ತನಾಜೆಯ ಹೊತ್ತಿಗೆ ಬೇರೆ ಬೆಂಕಿಯವ ಎಲ್ಲಿ ಸಿಕ್ತಾನೆ?”

“ನನಗೆ ಯಾಕೆ ಹೇಳ್ಲಿಲ್ಲ ನೀನು?”

“ಹೇಳಿದ್ರೆ ನಿನ್ನ ಗಂಡ ಮುಂದಿನ ವರ್ಷ ಎರಡು ಹುಂಜ ಹಿಡ್ಕೊಂಡು ಓಡ್ತಿದ್ದ. ನೀನು ಹೆದ್ರಿ ಹೆದ್ರಿ ಅವನನ್ನು ಕಟ್ಟಿ ಹಾಕಿದ್ದಲ್ವಾ? ಗೂಡೂ ಸರಿಯಾಯ್ತು, ಅವನೂ ಸರಿಯಾದ.”

ನನಗೆ ಕೋಪ ಬಂತು. ಧನಿಗಳು ಒಳ್ಳೆಯವರು ಎಂದು ಕಣ್ಣೀರು ಬರಲಿಲ್ಲ. ನಲವತ್ತೈದು ವರ್ಷ ನಾನು ಆ ಗುಟ್ಟನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ವರ್ಷವರ್ಷ ಆ ಸುಣ್ಣದ ಬಾಲ್ದಿ ಹೊತ್ತವಳು ನಾನೇ. ಗೊತ್ತಿದ್ದವರೆಲ್ಲ ಸುಮ್ಮನೆ ನೋಡಿಕೊಂಡು ಇದ್ದರು. ಧನಿಗಳಿಗೂ ಮೇಸ್ತ್ರಿಗೂ ಇವಳಿಗೂ ಗೊತ್ತಿತ್ತು. ಗೊತ್ತಿಲ್ಲದೆ ಹೆದರಿಕೊಂಡು ಇದ್ದವಳು ನಾನೊಬ್ಬಳು.

“ಈಗ ಏನು ಮಾಡುವುದು?” ಎಂದೆ.

“ಅದನ್ನು ಕೇಳ್ಲಿಕ್ಕೆ ಇಷ್ಟು ದೂರ ಬಂದದ್ದಾ? ಹೋಗಿ ಹೇಳು.”

“ಮಗಳು?”

ಬಾಯಮ್ಮ ಹಲಸಿನ ಬೀಜ ಹೆಕ್ಕಿ ಬದಿಗಿಟ್ಟಳು. “ಅದು ನಿನ್ನ ತಲೆಬೇನೆ. ನನ್ನ ಹತ್ರ ಮದ್ದಿಲ್ಲ. ಎರಡು ತೊಳೆ ತಿಂದು ಹೋಗು.”

ತಿಂದು, ಸಿದ್ದಕಟ್ಟೆಯ ಮೇಲೆ ಹೋಗುವ ಬಸ್ಸಿನಲ್ಲಿ ಬಂಟ್ವಾಳಕ್ಕೆ ಬಂದೆ. ನರಿಕೊಂಬಿಗೆ ರಿಕ್ಷಾ ಮಾಡಿದೆ. ಮೊಮ್ಮಗಳು ಶೆಡ್ಡಿನಲ್ಲೇ ಇದ್ದಳು. ರಿಪೇರಿ ಮಾಡಿಸುವ ಇಂಜಿನಿಯರೂ ಇದ್ದರು. ಸಣ್ಣ ಪ್ರಾಯದವರು, ಒಳ್ಳೆಯ ಮಾತು. ಕಾರ್ಮಿಕರು ಕಂಬದಿಂದ ಕಂಬಕ್ಕೆ ಬಣ್ಣದ ಬಟ್ಟೆ ಕಟ್ಟುತ್ತಿದ್ದರು.

“ಅಕ್ಕ, ಈ ಕಂಬ ನಿಲ್ಲುವುದಿಲ್ಲ” ಎಂದೆ. “ಇಟ್ಟಿಗೆ ಬೇಯ್ಲಿಲ್ಲ.”

ಇಂಜಿನಿಯರು ನಕ್ಕರು. “ಇಷ್ಟು ವರ್ಷ ನಿಂತಿದೆಯಲ್ಲ ಅಜ್ಜಿ? ಬಣ್ಣ ನೋಡಿ, ಎಷ್ಟು ಚೆನ್ನಾಗಿದೆ!”

“ಬಣ್ಣ ಚಂದವೇ. ನಿಮ್ಮ ಕಿಸೆಯಲ್ಲಿ ಕೀ ಉಂಟಾ?”

ಕೊಟ್ಟರು. ನಾನು ಅವರನ್ನು ಮೊದಲು ಗೂಡಿನ ಗೋಡೆಗೆ ಕರೆದುಕೊಂಡು ಹೋಗಿ ಅಲ್ಲಿಯ ಇಟ್ಟಿಗೆಯನ್ನು ಕೀಯಿಂದ ಗೀಚಿದೆ. ಬಿಳಿ ಗೆರೆ ಬಿತ್ತು, ಅಷ್ಟೇ. ಬಡಿದು ಸ್ವರ ಕೇಳಿಸಿದೆ. ಆಮೇಲೆ ಶೆಡ್ಡಿನ ಕಂಬವನ್ನು ಗೀಚಿದೆ. ಕೀ ಒಳಗೆ ಹೋಯಿತು. ಹುಡಿ ಅವರ ಶೂವಿನ ಮೇಲೆ ಬಿತ್ತು. ಅವರು ನಗುವುದನ್ನು ನಿಲ್ಲಿಸಿ ತಾವೇ ಕೀ ತೆಗೆದುಕೊಂಡು ಒಂದೊಂದೇ ಕಂಬ ಗೀಚುತ್ತಾ ಹೋದರು. ಐದನೆಯ ಕಂಬದ ಹತ್ತಿರ ನಿಂತು, ಬಟ್ಟೆ ಕಟ್ಟುವವರಿಗೆ “ಎಲ್ಲರೂ ಹೊರಗೆ ಬನ್ನಿ” ಎಂದರು.

“ನಿಮಗೆ ಹೇಗೆ ಗೊತ್ತು ಅಜ್ಜಿ?” ಎಂದು ಮೊಮ್ಮಗಳು ಕೇಳಿದಳು.

ಹೇಳಿದೆ. ಪತ್ತನಾಜೆ, ಹುಂಜ, ದೋಣಿ, ನಾನು ಹಾಕಿದ ರಾಶಿ, ಅವಳ ಅಜ್ಜನ ಕೊಡೆ, ಎಲ್ಲ. ಕೂತು ಹೇಳಲಿಲ್ಲ, ನಿಂತೇ ಹೇಳಿದೆ. ಅವಳ ಮುಖ ಕೆಂಪಾಯಿತು.

“ಮತ್ತೆ ನೀವು ಅವತ್ತು ನನಗೆ ಹೇಳಿದ್ದು?”

“ಸುಳ್ಳು.”

“ಬೋರ್ಡು ಮಾಡಿಸಿ ಆಯ್ತಲ್ಲ ಅಜ್ಜಿ!”

“ಗೊತ್ತುಂಟು. ನಾನು ಓದಿದ್ದೇನೆ.”

ಅವಳು ಸ್ವಲ್ಪ ದೂರ ಹೋಗಿ ಹೊಳೆಯ ಕಡೆ ನೋಡುತ್ತಾ ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಅವಳ ಅಜ್ಜನಾಗಿದ್ದರೆ ಬೈಯುತ್ತಿರಲಿಲ್ಲ, ಸುಮ್ಮನಿರುತ್ತಿದ್ದರು. ಅದು ಇನ್ನೂ ಕಷ್ಟ. ತಿರುಗಿ ಬಂದು, “ಶೆಡ್ಡು ಕೆಡವಬೇಕಾ?” ಎಂದು ಇಂಜಿನಿಯರಲ್ಲಿ ಕೇಳಿದಳು. ಇದೊಂದು ಶೆಡ್ಡು ಕೆಡವಿದರೆ, ಹೇಗೂ ಒಂದು ಹೋಯಿತು, ಉಳಿದದ್ದನ್ನೂ ಕೆಡವುವ ಎನ್ನಲು ಅವಳ ಮನೆಯಲ್ಲಿ ಜನ ಕಾಯುತ್ತಿದ್ದರು.

“ಹಂಚು ಇಳಿಸಿ ಭಾರ ಕಮ್ಮಿ ಮಾಡಿ, ಕಬ್ಬಿಣದ ಜಾಕಿ ಕೊಡಬಹುದು” ಎಂದರು ಅವರು. “ಆಮೇಲೆ ಸಿಮೆಂಟ್ ಗಾರೆ ಮಾಡಿಸುವ.”

“ಸಿಮೆಂಟು ಬೇಡ” ಎಂದೆ. “ಅದು ಹಿಡಿಯುವುದಿಲ್ಲ, ಒಳಗಿನ ನೀರನ್ನು ಹೊರಗೂ ಬಿಡುವುದಿಲ್ಲ. ಮೊದಲು ಹಾಕಿದ್ದು ಸುಣ್ಣ, ಮರಳು, ಬೆಲ್ಲದ ನೀರು. ಅದೇ ಹಾಕಿ. ಕಂಬ ಸರಿಯಾಗಿ ಒಣಗಿದ ಮೇಲೆ, ಈಗ ಅಲ್ಲ.”

“ಈಗ ಮಳೆ ಬಂದ್ರೆ?”

“ನೆನೆಯದ ಹಾಗೆ ನೋಡಿಕೊಳ್ಳಬೇಕು.”

ಆದಿತ್ಯವಾರದ ಕಾರ್ಯಕ್ರಮ ನಿಲ್ಲಿಸಿದಳು. ನನ್ನ ಎದುರೇ ಒಬ್ಬೊಬ್ಬರಿಗೆ ಫೋನು ಮಾಡಿದಳು. ಕೊನೆಗೆ ಬೋರ್ಡಿನ ಹತ್ತಿರ ಬಂದು ಕೇಳಿದಳು: “ಇದನ್ನೇನು ಮಾಡುವುದು ಅಜ್ಜಿ?”

“ಫೋಟೊ ಇರಲಿ. ಒಂದು ಗೂಡು ಕೆಟ್ಟಿತ್ತು ಅಂತ ಬರೆಯಿರಿ. ಯಾಕೆ ಕೆಟ್ಟಿತು ಅಂತಲೂ ಬರೆಯಿರಿ. ನನ್ನದೂ ಬರೆಯಿರಿ.”

ಈ ಸಲ ಅವಳು ಕಾರಿನಲ್ಲಿ ಬಿಡುತ್ತೇನೆಂದು ಹೇಳಲಿಲ್ಲ. ನಾನು ಬಸ್ಸಿನಲ್ಲೇ ಮನೆಗೆ ಬಂದೆ.

ಮನೆ ತಲುಪುವಾಗ ಮಗಳಿಗೆ ಸುದ್ದಿ ಮುಟ್ಟಿತ್ತು, ಕಾರ್ಯಕ್ರಮ ನಿಂತಿದೆ ಎಂದು ಮಾತ್ರ. ಕಾರಣ ನಾನೇ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು, ಮಡಚುತ್ತಲೇ ಕೇಳಿದಳು.

“ನೀವು ಒಂದು ಮಾತು ನನ್ನ ಹತ್ರ ಹೇಳ್ಬಹುದಿತ್ತಲ್ಲ ಅಮ್ಮ, ಅವರಿಗೆ ಹೇಳುವ ಮೊದಲು?”

“ಹೇಳಿದ್ರೆ ನೀನು ಬೇಡ ಅಂತಿದ್ದೆ.”

“ಅಂತಿದ್ದೆ. ನಾನು ಎಲ್ಲರಿಗೂ ತೋರಿಸಿ ಆಯ್ತು. ನಾಳೆ ಶಾಲೆಯಲ್ಲಿ ಏನು ಹೇಳ್ಲಿ? ನನ್ನಪ್ಪ ಕೋಳಿಗೆ ಗೂಡು ಬಿಟ್ಟು ಹೋದ ಅಂತಲಾ?”

“ಹೋದದ್ದು ಹೌದಲ್ಲ.”

“ಮತ್ತೆ ಇಷ್ಟು ವರ್ಷ ನೀವೇ ಅಲ್ವಾ ನನಗೆ ಹೇಳಿದ್ದು, ಅಪ್ಪನಂಥ ಬೆಂಕಿಯವ ಇಲ್ಲ ಅಂತ?”

ಆ ಒಂದು ದಿನ ಬಿಟ್ಟರೆ ಅದೂ ಸತ್ಯವೇ. ಆದರೆ ಅದನ್ನು ಆಗ ಹೇಳಿದರೆ ನನ್ನ ತಪ್ಪಿಗೆ ಗಾರೆ ಮೆತ್ತಿದ ಹಾಗೆ ಎಂದು ಸುಮ್ಮನಾದೆ. ಅವಳು ಅನ್ನ ಬಡಿಸಿದಳು. ನಾನು ಉಂಡೆ. ಹಸಿವಾಗಿತ್ತು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ನಾನು ಹಿತ್ತಿಲಿಗೆ ಹೋಗಿ ಸೌದೆಯ ಮೇಲೆ ಹೊದೆಸಿದ್ದ ಟಾರ್ಪಾಲು ಎಳೆದು ಮಡಚತೊಡಗಿದೆ. ಮಗಳು ಬಾಗಿಲಿಗೆ ಬಂದಳು.

“ಸೌದೆ ನೆನೆಯುತ್ತದೆ.”

“ನೆನೆಯಲಿ.”

ಅವಳು ಒಳಗೆ ಹೋದಳು. ನಾನು ಟಾರ್ಪಾಲನ್ನು ಚೀಲಕ್ಕೆ ತುರುಕಿ ಗೇಟು ದಾಟುವಾಗ ಹಿಂದಿನಿಂದ ಬಂದು, ಬಟ್ಟೆ ಒಣಗಿಸುವ ನೈಲಾನು ಹಗ್ಗವನ್ನು ಬಿಚ್ಚಿ ತಂದು ನನ್ನ ಚೀಲದೊಳಗೆ ಹಾಕಿದಳು. “ಕಟ್ಟುವುದು ಯಾವುದ್ರಲ್ಲಿ, ನಿಮ್ಮ ಸೆರಗಿನಲ್ಲಾ?” ಎಂದಷ್ಟೇ ಹೇಳಿ ಕೆಲಸಕ್ಕೆ ಹೊರಟಳು. ನಾನು ಬಂಟ್ವಾಳದ ಬಸ್ಸು ಹಿಡಿದೆ. ಫ್ಯಾಕ್ಟರಿಯಲ್ಲಿ ಆಗಷ್ಟೇ ಹಂಚು ಇಳಿಸಲು ಜನ ಬಂದಿದ್ದರು. ಹೊಳೆಯ ಕಡೆಯಿಂದ ಇರಚಲು ಹೊಡೆಯುವ ಮೊದಲನೆಯ ಕಂಬಕ್ಕೆ ಟಾರ್ಪಾಲು ಸುತ್ತಿ, ಒಬ್ಬ ಆಳಿಗೆ ಒಂದು ತುದಿ ಹಿಡಿಯಲು ಹೇಳಿ, ಮೇಲೊಂದು ಕೆಳಗೊಂದು ಗಂಟು ಬಿಗಿದೆ.